ಚೆಂಡು ಹೇಳಿದ ಅಂಕಿ

ಶುಕ್ರವಾರ ಬೆಳಿಗ್ಗೆ ಮಕ್ಕಳು ಚೆಂಡಾಡುತ್ತ ಅರವತ್ತನಾಲ್ಕರವರೆಗೆ ಎಣಿಸಿದರು. ಬಾಹ್ ಶಾನ್‌ಬೋರನ, ಅಂದರೆ ಶಾನ್‌ಬೋರಣ್ಣನ, ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಎಣಿಸಲು ಹೇಳಿದವನು ಅವನೇ. ಲುಮ್‌ಕಿಂಶಿ ಕೇರಿಯ ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಶಾನ್‌ಬೋರನಿಗೆ ಬದುಕಿನಲ್ಲಿ ಗಟ್ಟಿ ನಂಬಿಕೆಯಿದ್ದದ್ದು ಒಂದೇ ಮಾತಿನಲ್ಲಿ: ಚೆಂಡು ನಮ್ಮ ಕಾಲಲ್ಲಿರುವಷ್ಟು ಹೊತ್ತು ಎದುರಿನವರು ನಮಗೇನೂ ಮಾಡಲಾರರು. ಅದಕ್ಕೇ ಮಕ್ಕಳನ್ನು ದುಂಡಗೆ ನಿಲ್ಲಿಸಿ, ನಡುವೆ ಇಬ್ಬರನ್ನು ಬಿಟ್ಟು, ಆ ಇಬ್ಬರಿಗೆ ಸಿಗದಂತೆ ಚೆಂಡು ದಾಟಿಸಲು ಹೇಳುತ್ತಿದ್ದ. ಪ್ರತಿ ಪಾಸಿಗೂ ಗಟ್ಟಿಯಾಗಿ ಎಣಿಕೆ. ಅಂದು ಅರವತ್ತನಾಲ್ಕಕ್ಕೆ ಚೆಂಡು ತಪ್ಪಿತು. ಮಧ್ಯಾಹ್ನ ತೀರ್‌ನಲ್ಲಿ ಬಂದ ಅಂಕಿಯೂ ಅರವತ್ತನಾಲ್ಕು.

ತೀರ್ ನಮ್ಮ ಶಿಲ್ಲಾಂಗಿನ ಬಾಣದಾಟ. ಬಿಲ್ಲುಗಾರರು ಬಿಟ್ಟ ನೂರಾರು ಬಾಣಗಳಲ್ಲಿ ಎಷ್ಟು ಗುರಿಗೆ ನೆಟ್ಟವೋ ಆ ಲೆಕ್ಕದ ಕೊನೆಯ ಎರಡು ಅಂಕಿಯ ಮೇಲೆ ಊರೆಲ್ಲ ಪಣ ಕಟ್ಟುತ್ತದೆ. ಯಾವ ಅಂಕಿ ಎಂಬುದು ಕನಸಿನಲ್ಲಿ ಗೊತ್ತಾಗುತ್ತದೆ. ಹಾವು ಕಂಡರೆ ಒಂದು, ಹಲ್ಲು ಬಿದ್ದರೆ ಇನ್ನೊಂದು. ಮೈದಾನದ ಪಕ್ಕ ಚಹಾದಂಗಡಿ ಇಟ್ಟಿರುವ ಕಾಂಗ್ ತ್ರೆಲಿಸ್‌ಗೆ, ಅಂದರೆ ತ್ರೆಲಿಸಕ್ಕನಿಗೆ, ಗುರುವಾರ ರಾತ್ರಿ ಕನಸೇ ಬಿದ್ದಿರಲಿಲ್ಲ. ಬೇರೆ ದಾರಿ ಕಾಣದೆ, ಕಿಟಕಿಯಿಂದ ಕೇಳಿದ ಮಕ್ಕಳ ಎಣಿಕೆಯ ಮೇಲೆ ಕಟ್ಟಿದಳು. ಗೆದ್ದಳು. ಗೆದ್ದವಳು ಬಾಯಿ ಮುಚ್ಚಿಕೊಂಡಿದ್ದರೆ ಶಾನ್‌ಬೋರ್ ಬಚಾವಾಗುತ್ತಿದ್ದ.

ಮರುದಿನ ಶನಿವಾರ, ಕೇರಿಗಳ ವರ್ಷದ ಪಂದ್ಯಾವಳಿಯಲ್ಲಿ, ಮಾವ್‌ರಿಂಗ್ ಕೇರಿಯ ಮಕ್ಕಳ ಜೊತೆ ಪಂದ್ಯ. ಸೋತವರು ಮನೆಗೆ. ಅವನ ಟೀಮು ಪ್ರತಿ ವರ್ಷವೂ ಮೊದಲ ಪಂದ್ಯದಲ್ಲೇ ಮನೆಗೆ ಬರುತ್ತಿತ್ತು. ಈ ಸಲವೂ ಹಾಗಾದರೆ ಟೀಮನ್ನು ಬಾಂಟೇಗೆ ಒಪ್ಪಿಸುವುದೆಂದು ಕೇರಿಯ ಪಂಚಾಯಿತಿಯಾದ ದೊರ್ಬಾರ್ ತೀರ್ಮಾನಿಸಿತ್ತು. ಬಾಂಟೇ ಎಂದರೆ ಕೇರಿಯ ಹಿರಿಯ ಬಾಹ್ ಕ್ಲೆಮೆಂಟನ ಅಕ್ಕನ ಮಗ. ಅವನ ವಿದ್ಯೆ ಸರಳ: ಚೆಂಡನ್ನು ಆಕಾಶಕ್ಕೆ ಒದೆ, ಅದು ಬಿದ್ದ ಕಡೆ ಓಡು.

ಶನಿವಾರ ಬೆಳಗಾಗುವ ಮುಂಚೆಯೇ ಎದ್ದು ಶಾನ್‌ಬೋರ್ ಬೂಟಿನ ದಾರ ಕಟ್ಟುತ್ತಿದ್ದ. ಅತ್ತೆ ಒಲೆಯ ಮುಂದೆ ಕೂತು ಕ್ವಾಯ್ ಜಗಿಯುತ್ತಿದ್ದಳು. ಅಡಿಕೆ, ಎಲೆ, ಸುಣ್ಣ ಬಿಟ್ಟರೆ ಆ ಬಾಯಿಂದ ಅಳಿಯನ ಪಾಲಿಗೆ ಹೆಚ್ಚೇನೂ ಹೊರಡುತ್ತಿರಲಿಲ್ಲ. ಮನೆ ಅವಳದು, ಅವಳ ನಂತರ ಕಿರಿಮಗಳದು. ಶಾನ್‌ಬೋರ್ ಆ ಕಿರಿಮಗಳ ಗಂಡ. ಮನೆಯಲ್ಲಿ ಅವನದೆಂದು ಹೇಳಬಹುದಾದದ್ದು ಆರು ಚೆಂಡು, ಒಂದು ಪೀಪಿ.

"ಆಶೀರ್ವಾದ ಮಾಡಿ, ಮೇ," ಎಂದ. ಮೇ ಎಂದರೆ ಅಮ್ಮ.

"ಛತ್ರಿ ತಗೊಂಡು ಹೋಗು," ಎಂದಳು ಅತ್ತೆ.

ಮೈದಾನಕ್ಕೆ ಬಂದು ನೋಡಿದರೆ ಕಲ್ಲುಕಟ್ಟೆಯ ತುಂಬ ಜನ! ಹಂದಿಮಾಂಸದ ಅಂಗಡಿಯವನು, ಟ್ಯಾಕ್ಸಿ ಓಡಿಸುವ ಬಾಹ್ ರಿಮಿಕಿ, ಚರ್ಚಿನಲ್ಲಿ ಹಾಡು ಹೇಳಿಕೊಡುವ ಹೆಂಗಸು, ಅವಳ ಹಿಂದೆ ಹಾಡುವವರೆಲ್ಲ. ಇಷ್ಟು ವರ್ಷ ಅವನ ಅಭ್ಯಾಸ ನೋಡಲು ಬರುತ್ತಿದ್ದದ್ದು ಎರಡು ಆಡು ಮಾತ್ರ. ಕೊನೆಗೂ ಜನಕ್ಕೆ ಅರ್ಥವಾಯಿತಲ್ಲ!

ಅವನು ಕಟ್ಟೆಯ ಮುಂದೆ ನಿಂತು ವಿವರಿಸತೊಡಗಿದ. "ದಾಫೀನ ನೋಡಿ. ಚೆಂಡು ಎಷ್ಟು ಜೋರಾಗಿ ಬಂದ್ರೂ ಅವಳ ಕಾಲಲ್ಲಿ ಬೆಕ್ಕಿನ ಮರಿ ಹಾಗೆ ಮಲಗುತ್ತೆ. ಯಾಕೆ? ಕಾಲನ್ನ ಸ್ವಲ್ಪ ಹಿಂದಕ್ಕೆ ತಗೋತಾಳೆ. ಚೆಂಡಿನ ಜೊತೆ ಜಗಳ ಆಡಬಾರದು, ಬಂದ ನೆಂಟರ ಹಾಗೆ ಒಳಕ್ಕೆ ಕರ್ಕೋಬೇಕು."

ದಾಫೀಶಾ ಕಾಂಗ್ ತ್ರೆಲಿಸ್‌ಳ ಮೊಮ್ಮಗಳು. ಐದನೇ ಕ್ಲಾಸು, ಮುಂದಿನ ಎರಡು ಹಲ್ಲಿಲ್ಲ. ಅವನು ಕಲಿಸಿದ್ದೆಲ್ಲ ಆ ಒಂದು ಮಗುವಿನ ಕಾಲಿಗೆ ಪೂರ್ತಿಯಾಗಿ ಹತ್ತಿತ್ತು.

"ಅದೆಲ್ಲ ಸರಿ ಬಾಹ್," ಎಂದ ರಿಮಿಕಿ. "ಎಣಿಸೋದು ಯಾವಾಗ?"

ಎಣಿಕೆ ಶುರುವಾಯಿತು. ಅಷ್ಟು ಕಣ್ಣುಗಳ ಎದುರು ಮಕ್ಕಳ ಕಾಲು ಕಟ್ಟಿಗೆಯಾದವು. ಮೂರಕ್ಕೆ ಚೆಂಡು ಹೋಯಿತು. ಕಟ್ಟೆಯ ಮೇಲೆ ನಿಟ್ಟುಸಿರು. ಮತ್ತೆ ಐದಕ್ಕೆ ಹೋಯಿತು.

"ಮೂರು ತಗೊಳೋದಾ, ಐದಾ?" ಎಂದ ಮಾಂಸದಂಗಡಿಯವನು.

"ಎರಡೂ ಸೇರಿಸಿದ್ರೆ ಮೂವತ್ತೈದು," ಎಂದಳು ಹಾಡಿನ ಹೆಂಗಸು.

"ಐವತ್ತಮೂರೂ ಆಗಬಹುದಲ್ಲ? ಮತ್ತೆ ಆ ಹುಡುಗನ ತೊಡೆಗೆ ತಾಗಿದ್ದು ಲೆಕ್ಕಾನಾ?" ಎಂದ ರಿಮಿಕಿ.

ಆಗ ಶಾನ್‌ಬೋರನಿಗೆ ಗೊತ್ತಾಯಿತು. ಬೆಳಗಿನಿಂದ ಉಬ್ಬಿದ್ದ ಎದೆ ಹಳೇ ಚೆಂಡಿನಂತೆ ಇಳಿಯಿತು. ಅವನು ಪೀಪಿ ಊದಿ, "ಇನ್ನು ಮೇಲೆ ಯಾರೂ ಎಣಿಸೋ ಹಾಗಿಲ್ಲ! ಬಾಯಿ ಬಿಟ್ಟು ಒಂದು ಅಂದವರು ಇವತ್ತಿನ ಪಂದ್ಯದಲ್ಲಿ ಹೊರಗೆ ಕೂರ್ತಾರೆ!" ಎಂದು ಕೂಗಿದ.

"ಪೀಪಿ ಎಷ್ಟು ಸಲ ಊದಿದ?" ಎಂದು ಕಟ್ಟೆಯ ಮೇಲೆ ಯಾರೋ ಕೇಳಿದರು.

ಗಲಾಟೆ ಕೇಳಿ ಬಾಹ್ ಕ್ಲೆಮೆಂಟ್ ಇಳಿದು ಬಂದ. ಚಳಿಯಿರಲಿ ಬಿಸಿಲಿರಲಿ ಕೋಟು ಹಾಕುವ ಮನುಷ್ಯ. ಶಾನ್‌ಬೋರನನ್ನು ಪಕ್ಕಕ್ಕೆ ಕರೆದ.

"ಏನಯ್ಯಾ ಇದು? ಮಕ್ಕಳನ್ನ ಇಟ್ಕೊಂಡು ಅಂಕಿ ವ್ಯಾಪಾರ ಶುರು ಮಾಡಿದ್ಯಾ?"

"ನಾನಲ್ಲ ಬಾಹ್. ನಾನು ಚೆಂಡು ಹಿಡಿದಿಡೋದು ಕಲಿಸ್ತಿದ್ದೀನಿ ಅಷ್ಟೆ."

"ಹಿಡಿದಿಟ್ಟು ಏನ್ಮಾಡ್ತೀಯ, ಮರಿ ಹಾಕಿಸ್ತೀಯಾ? ಗೆಲ್ಲಬೇಕು. ಸೋತರೆ ಸೋಮವಾರದಿಂದ ಬಾಂಟೇ ಬರ್ತಾನೆ. ಆಮೇಲೆ ನನ್ನ ಬೈಬೇಡ."

ಪಂದ್ಯಕ್ಕೆ ಇಳಿಯುವ ಹೊತ್ತಿಗೆ ಕಾಂಗ್ ತ್ರೆಲಿಸ್ ಮೊಮ್ಮಗಳಿಗೆ ಅಕ್ಕಿಹಿಟ್ಟಿನ ದೋಸೆಯಂಥ ಪುಥಾರೊ ತಿನ್ನಿಸಿ, ತಲೆ ನೇವರಿಸಿ, ಕಿವಿಯಲ್ಲಿ ಏನೋ ಹೇಳಿದಳು. ಮಗು ತಲೆಯಾಡಿಸಿತು. ಅಜ್ಜಿ ಹರಸುತ್ತಿದ್ದಾಳೆಂದುಕೊಂಡು ಶಾನ್‌ಬೋರ್ ಸುಮ್ಮನಾದ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವನು ಎಲ್ಲವನ್ನೂ ಮರೆತ. ಅವನ ಮಕ್ಕಳು ಆಡುತ್ತಿದ್ದರು. ಅವನು ಇಷ್ಟು ವರ್ಷ ಮಂಜಿನಲ್ಲಿ, ಮಳೆಯಲ್ಲಿ, ಆಡುಗಳ ಎದುರು ಹೇಳಿದ್ದೆಲ್ಲವನ್ನೂ ಆಡುತ್ತಿದ್ದರು. ಚೆಂಡು ಬರುವ ಮೊದಲೇ ತಲೆಯೆತ್ತಿ ನೋಡುತ್ತಿದ್ದರು. ಎದುರಿನವನು ಮೈಮೇಲೆ ಬಂದರೆ ಚೆಂಡಿಗೂ ಅವನಿಗೂ ನಡುವೆ ತಮ್ಮ ಮೈಯಿಟ್ಟು ತಿರುಗುತ್ತಿದ್ದರು. ಮುಂದೆ ದಾರಿಯಿಲ್ಲದಿದ್ದರೆ ನಾಚಿಕೆಪಡದೆ ಹಿಂದಕ್ಕೆ ಕೊಡುತ್ತಿದ್ದರು. ಮಾವ್‌ರಿಂಗಿನ ದಪ್ಪ ಹುಡುಗರು ಚಿಟ್ಟೆ ಹಿಡಿಯುವವರಂತೆ ಅಲೆದು ಏದುಸಿರು ಬಿಡುತ್ತಿದ್ದರು. ಬಾಂಟೇ ಕೂಡ ಕೈಕಟ್ಟಿ ನೋಡುತ್ತಿದ್ದ. ಶಾನ್‌ಬೋರ್ ಕನ್ನಡಕ ತೆಗೆದು ಒರೆಸಿಕೊಂಡ. ಗೋಲು ಮಾತ್ರ ಎರಡೂ ಕಡೆ ಆಗಿರಲಿಲ್ಲ.

ಆಟ ಮುಗಿಯಲು ಇನ್ನು ಸ್ವಲ್ಪವೇ ಇತ್ತು. ಆಗ ಅವನಿಗೆ ಬೆನ್ನ ಹಿಂದೆ ಗುಣುಗುಣು ಕೇಳಿಸಿತು. ಪ್ರಾರ್ಥನೆಯಂತೆ ತಗ್ಗಿದ ದನಿ. ಹಾಡಿನವರು ಹದವಾಗಿ ಶ್ರುತಿ ಹಿಡಿದಿದ್ದರು. "ಮೂವತ್ತೆರಡು... ಮೂವತ್ತಮೂರು..."

ಮಕ್ಕಳು ಒಮ್ಮೆಯೂ ಚೆಂಡು ಬಿಟ್ಟುಕೊಡದೆ ಎಡದಿಂದ ಬಲಕ್ಕೆ, ಬಲದಿಂದ ನಡುವಿಗೆ ಬಂದಿದ್ದರು. ಮಾವ್‌ರಿಂಗಿನವರ ಸಾಲು ಹರಿದುಹೋಯಿತು. ದಾಫೀ ಆ ಹರುಕಿನಲ್ಲಿ ನುಸುಳಿ ಗೋಲಿನೆದುರು ಒಬ್ಬಳೇ ನಿಂತಳು. ಚೆಂಡು ಅವಳ ಕಾಲಿಗೆ ಬಂತು. ಬೆಕ್ಕಿನ ಮರಿಯಂತೆ ಮಲಗಿತು.

"ಮೂವತ್ತೆಂಟು," ಎಂದಿತು ಕಟ್ಟೆ.

ಗೋಲ್‌ಕೀಪರ್ ಆಗಲೇ ತಪ್ಪು ದಿಕ್ಕಿಗೆ ಹಾರಿ ನೆಲದ ಮೇಲೆ ಬಿದ್ದಿದ್ದ. ಮುಂದಿದ್ದದ್ದು ಬರೀ ಬಲೆ. ಊದಿದರೂ ಚೆಂಡು ಒಳಗೆ ಹೋಗುತ್ತಿತ್ತು. ದಾಫೀ ಚೆಂಡಿನ ಮೇಲೆ ಕಾಲಿಟ್ಟು, ಎರಡೂ ಕೈ ಸೊಂಟದ ಮೇಲಿಟ್ಟು, ಸುಮ್ಮನೆ ನಿಂತುಬಿಟ್ಟಳು.

"ಹೊಡಿ ದಾಫೀ! ಹೊಡಿಯೇ!"

ಶಾನ್‌ಬೋರನ ಕೂಗು ಯಾರಿಗೂ ಕೇಳಲಿಲ್ಲ. ಲುಮ್‌ಕಿಂಶಿಯ ಜನ ಗೋಲಾಯಿತೆಂಬಂತೆ ಎದ್ದು ಕುಣಿಯುತ್ತಿದ್ದರು. ಮಾವ್‌ರಿಂಗಿನ ಒಬ್ಬ ಹುಡುಗ ಅನುಮಾನದಿಂದಲೇ ಹತ್ತಿರ ಬಂದು, ಅವಳ ಪಾದದಡಿಯಿಂದ ಚೆಂಡನ್ನು ಮೆಲ್ಲಗೆ ಎಳೆದುಕೊಂಡ. ಅವಳು ಬೇಡವೆನ್ನಲಿಲ್ಲ. ಅವನು ಆಕಾಶಕ್ಕೆ ಒದ್ದ. ಅವರಲ್ಲೊಬ್ಬ ಅದು ಬಿದ್ದ ಕಡೆ ಓಡಿದ. ಗೋಲು.

ಪಂದ್ಯ ಅಲ್ಲಿಗೆ ಮುಗಿಯಿತು. ಕಟ್ಟೆ ನಿಮಿಷದಲ್ಲಿ ಖಾಲಿಯಾಯಿತು. ಎಲ್ಲರೂ ಅಂಕಿ ಕಟ್ಟಲು ಓಡಿದ್ದರು. ದಾಫೀ ಮೈದಾನದ ನಡುವೆ ಉಳಿದಳು. ಶಾನ್‌ಬೋರ್ ಅವಳ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತ.

"ಯಾಕಮ್ಮಾ ನಿಂತೆ?"

"ಅಜ್ಜಿ ಮೂವತ್ತೆಂಟಕ್ಕೆ ನಿಲ್ಲಿಸು ಅಂದ್ಲು. ಅವಳ ಕನಸಲ್ಲಿ ಮೀನು ಬಂತಂತೆ. ಚೆಂಡೂ ಅದನ್ನೇ ಹೇಳಿದ್ರೆ ಬಾಣ ತಪ್ಪಲ್ಲವಂತೆ."

"ಎಣಿಸಬೇಡ ಅಂತ ನಾನು ಹೇಳಿರ್ಲಿಲ್ವಾ?"

"ಬಾಯಿ ಬಿಟ್ಟು ಎಣಿಸ್ಲಿಲ್ಲ, ಬಾಹ್."

ಮಗುವಿನ ತುಟಿ ಅದುರತೊಡಗಿತು. ತಾನು ಮಾಡಿದ್ದು ಏನೆಂದು ಅವಳಿಗೆ ಈಗ ಹೊಳೆಯುತ್ತಿತ್ತು. "ಸೋತಿದ್ದು ನನ್ನಿಂದಾನಾ?"

"ಚೆಂಡನ್ನ ಅಷ್ಟು ಚೆನ್ನಾಗಿ ಯಾರೂ ನಿಲ್ಲಿಸಿದ್ದು ನಾನು ನೋಡಿಲ್ಲ," ಎಂದ ಶಾನ್‌ಬೋರ್. ಅದು ಸುಳ್ಳಾಗಿರಲಿಲ್ಲ. ಅವಳು ಅತ್ತು ಮುಗಿಸುವವರೆಗೂ ಪಕ್ಕದಲ್ಲಿ ಕೂತಿದ್ದು, ಆಮೇಲೆ ಚೆಂಡುಗಳನ್ನು ಚೀಲಕ್ಕೆ ತುಂಬಿದ.

ಮಧ್ಯಾಹ್ನ ಬಾಣಗಳನ್ನು ಎಣಿಸಿದರು. ಮೂವತ್ತೆಂಟು ಬರಲಿಲ್ಲ. ಅದರ ಅಕ್ಕಪಕ್ಕದ್ದೂ ಬರಲಿಲ್ಲ. ಬಂದದ್ದು ಸೊನ್ನೆ ಒಂದು.

ಸ್ವಲ್ಪ ಹೊತ್ತಿಗೆಲ್ಲ ಕೇರಿಯೇ ಶಾನ್‌ಬೋರನ ಅಂಗಳದಲ್ಲಿತ್ತು. ಸಾವಿನ ಮನೆಗೂ ಅಷ್ಟು ಜನ ಬಂದದ್ದಿಲ್ಲ.

"ನಿನ್ನ ಚೆಂಡನ್ನ ನಂಬಿ ಕೆಟ್ಟೆ," ಎಂದ ಮಾಂಸದಂಗಡಿಯವನು.

"ಆಟದಲ್ಲಿ ಒಬ್ಬ ಹುಡುಗನ ಮೊಣಕಾಲಿಗೆ ತಾಗಿದ್ದನ್ನ ಎಣಿಸಬಾರದಿತ್ತು, ನಾನು ಹೇಳ್ದೆ," ಎಂದ ರಿಮಿಕಿ.

"ಮೊದಲೇ ಸರಿಯಾಗಿ ಕಲಿಸಿದ್ರೆ ಮೊಣಕಾಲಿಗೆ ಯಾಕೆ ತಾಗ್ತಿತ್ತು?" ಎಂದಳು ಕಾಂಗ್ ತ್ರೆಲಿಸ್.

ಶಾನ್‌ಬೋರನಿಗೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ನೆತ್ತಿಗೇರಿತು. "ಒಂದು ಮಗು ಗೆಲ್ಲೋ ಗೋಲು ಬಿಟ್ಟು ನಿಂತಿದ್ದು ನಿಮ್ಮಿಂದ! ಅವಳು ಮೈದಾನದಲ್ಲಿ ಒಬ್ಬಳೇ ಅಳ್ತಿದ್ಲು. ನೀವ್ಯಾರಾದ್ರೂ ತಿರುಗಿ ನೋಡಿದ್ರಾ?"

ಕಾಂಗ್ ತ್ರೆಲಿಸ್ ಸೆರಗಿನಿಂದ ಕಣ್ಣೊತ್ತಿಕೊಂಡಳು. ಬಾಹ್ ಕ್ಲೆಮೆಂಟ್ ಕೋಟಿನ ಗುಂಡಿ ಹಾಕಿಕೊಂಡು ಗಂಭೀರನಾದ. "ನೋಡು, ನೀನು ಒಳ್ಳೆಯವನು. ಆದ್ರೆ ಮಾತು ಮಾತೇ. ಸೋಮವಾರದಿಂದ ಟೀಮು ಬಾಂಟೇದು. ಚೆಂಡು ಅವನಿಗೆ ಕೊಟ್ಬಿಡು."

ಆ ಹೊತ್ತಿಗೆ ಗೇಟು ಕಿರ್ರೆಂದಿತು. ಅತ್ತೆ ಬಂದಳು. ಜನರನ್ನು ಕಂಡೂ ಕಾಣದಂತೆ ಜಗುಲಿ ಹತ್ತಿ ಕೂತಳು. ಮೈಗೆ ಸುತ್ತಿದ ಜೈನ್‌ಸೆಮ್‌ನ ತುದಿಯ ಗಂಟು ಬಿಚ್ಚಿ, ಒಂದು ನೋಟಿನ ಕಂತೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಮೇ," ಎಂದ ರಿಮಿಕಿ ತೊದಲುತ್ತ, "ಯಾವ ಅಂಕಿ ಕಟ್ಟಿದ್ರಿ?"

"ಸೊನ್ನೆ ಒಂದು. ಬೆಳಿಗ್ಗೆನೇ ಕಟ್ಟಿ ಬಂದಿದ್ದೆ."

"ಏನು ಕನಸು ಬಿದ್ದಿತ್ತು?"

"ಕನಸು ಯಾಕೆ? ಮನೇಲಿ ಅಳಿಯ ಇದ್ದಾನಲ್ಲ." ಅವಳು ನಿಧಾನವಾಗಿ ಎಲೆಗೆ ಸುಣ್ಣ ಸವರಿದಳು. "ಇವನ ಮಕ್ಕಳು ಚೆಂಡು ಬಿಡಲ್ಲ, ಹಾಗಾಗಿ ಹೆಚ್ಚು ಗೋಲು ತಿನ್ನಲ್ಲ. ಗೋಲು ಹೊಡೆಯೋದನ್ನ ಇವನು ಕಲಿಸಿಲ್ಲ. ಎಲ್ಲೋ ಒಂದು ಸಲ ಕಾಲು ಜಾರುತ್ತೆ, ಒಂದು ಗೋಲು ಬೀಳುತ್ತೆ. ಪ್ರತಿ ವರ್ಷ ನಮ್ಮದು ಸೊನ್ನೆ, ಅವರದು ಒಂದು. ನಿಮಗೆ ಯಾರಿಗೂ ಕಾಣ್ಲಿಲ್ವಾ?"

ಯಾರಿಗೂ ಕಂಡಿರಲಿಲ್ಲ. ಈಗ ಎಲ್ಲರಿಗೂ ಒಟ್ಟಿಗೇ ಕಂಡಿತು. ಹಾಡಿನ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಾಹ್ ಕ್ಲೆಮೆಂಟ್ ಹಾಕಿದ ಗುಂಡಿಯನ್ನು ಬಿಚ್ಚಿ, ಗಂಟಲು ಸರಿಮಾಡಿಕೊಂಡ.

"ಬಾಂಟೇ ಇನ್ನೂ ಚಿಕ್ಕವನು," ಎಂದ. "ಅವನು ಬಂದ್ರೆ ಏನಾಗುತ್ತೋ ಹೇಳಕ್ಕಾಗಲ್ಲ. ಗೆದ್ದರೂ ಗೆದ್ದ. ಐದು ಹೊಡೆದು ನಾಲ್ಕು ತಿಂದರೂ ತಿಂದ. ನಂಬಿಕೆ ಇಡೋ ಮನುಷ್ಯ ಅಲ್ಲ."

"ಬಾಹ್ ಶಾನ್ ಹಾಗಲ್ಲ," ಎಂದ ಮಾಂಸದಂಗಡಿಯವನು ಭಕ್ತಿಯಿಂದ. "ಮಾತು ಅಂದ್ರೆ ಮಾತು."

"ಟೀಮು ಇವನ ಹತ್ತಿರಾನೇ ಇರಲಿ. ದೊರ್ಬಾರ್‌ಗೆ ನಾನು ಹೇಳ್ತೀನಿ. ಮುಂದಿನ ಶನಿವಾರ ಯಾರ ಜೊತೆಯಾದ್ರೂ ಒಂದು ಸ್ನೇಹದ ಪಂದ್ಯ ಇಡೋಣ," ಎಂದ ಬಾಹ್ ಕ್ಲೆಮೆಂಟ್.

ಚೆಂಡಿನ ಚೀಲವನ್ನು ಇನ್ನೂ ಹೆಗಲ ಮೇಲೇ ಹೊತ್ತಿದ್ದ ಶಾನ್‌ಬೋರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನು ಬೇಡಿಕೊಂಡದ್ದು ಸಿಕ್ಕಿತ್ತು. ಮಕ್ಕಳು ಅವನ ಬಳಿಯೇ ಉಳಿದಿದ್ದರು. ಅವನಿಗೆ ದಾಫೀಯ ಮುಖ ಕಣ್ಣಮುಂದೆ ಬಂತು.

"ಸೋಮವಾರದಿಂದ," ಎಂದ ಮೆಲ್ಲಗೆ, "ಮಕ್ಕಳಿಗೆ ಗೋಲು ಹೊಡೆಯೋದು ಕಲಿಸ್ತೀನಿ."

ಅಂಗಳದಲ್ಲಿ ಗಾಬರಿ ಹಬ್ಬಿತು. ಕಾಂಗ್ ತ್ರೆಲಿಸ್ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಅಯ್ಯೋ ಬೇಡಪ್ಪಾ! ಮಕ್ಕಳ ಕಾಲಿನ್ನೂ ಎಳೇದು. ಈಗ ಕಲಿಸ್ತಿರೋದೇ ಎಷ್ಟು ಚೆನ್ನಾಗಿದೆ!"