ಜೇಡಕ್ಕೆ ಮನೆ ಕಟ್ಟಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಜೇಡಕ್ಕೊಂದು ಮನೆ ಕಟ್ಟಿಕೊಟ್ಟರು ಎಂದರೆ ನೆಂಟರಲ್ಲಿ ಒಬ್ಬರೂ ನಂಬುವುದಿಲ್ಲ. ಜೇಡ ಕಂಡು ಮನೆ ಬಿಟ್ಟು ಓಡಿದರು ಎಂದರೆ ಸಾಕ್ಷಿ ಹೇಳಲು ಹತ್ತು ಜನ ಎದ್ದು ನಿಲ್ಲುತ್ತಾರೆ! ಯಾಕೆಂದರೆ ಅವರ ಮನೆಯ ಸತ್ಯನಾರಾಯಣ ಪೂಜೆಯ ದಿನ ಬಚ್ಚಲ ಗೋಡೆಯ ಮೇಲೆ ಜೇಡವೊಂದನ್ನು ಕಂಡು, ತಲೆಯ ತುಂಬ ಸೋಪಿನ ನೊರೆ, ಸೊಂಟಕ್ಕೆ ಒಂದು ಟವೆಲು, ಇಷ್ಟೇ ಆಸ್ತಿಯೊಂದಿಗೆ ಅವರು ಪುರೋಹಿತರ ಮುಂದೆ ಬಂದು ನಿಂತದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಪುರೋಹಿತರು ಮಂತ್ರ ನಿಲ್ಲಿಸಿ, "ಯಜಮಾನ್ರೇ, ಇನ್ನೂ ಕಲಶಾನೇ ಇಟ್ಟಿಲ್ಲ, ಇಷ್ಟು ಅವಸರ ಯಾಕೆ?" ಎಂದರು. ಚಿಕ್ಕಮ್ಮ ಪೊರಕೆ ಹಿಡಿದು ಒಳಗೆ ಹೋಗಿ ಬಂದು, "ಕಡಲೆಕಾಳಿನಷ್ಟೂ ಇಲ್ಲ ಕಣ್ರೀ" ಎಂದರು.

"ಗಾತ್ರ ಬಿಡೇ, ಕಾಲು ಎಷ್ಟಿದೆ ಎಣಿಸು!" ಎಂದರು ಚಿಕ್ಕಪ್ಪ.

ಇಂಥ ಮನುಷ್ಯ ಕೆಲಸದಲ್ಲಿ ಮಾತ್ರ ಹುಲಿ. ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಅಭ್ಯಾಸ ಅವರ ಜೊತೆಯಲ್ಲೇ ಟಿ. ದಾಸರಹಳ್ಳಿಯ ಮನೆಗೂ ಬಂತು. ಒಮ್ಮೆ ಚಿಕ್ಕಮ್ಮನ ಚಪಾತಿಯನ್ನು ವರ್ನಿಯರ್‌ನಿಂದ ಅಳೆದು, "ಒಂದು ಕಡೆ ಎರಡು ಮಿಲಿಮೀಟರ್, ಇನ್ನೊಂದು ಕಡೆ ಮೂರು" ಎಂದು ವರದಿ ಕೊಟ್ಟರು. ಮಾರನೆಯ ದಿನ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಚಪಾತಿ ಇರಲಿಲ್ಲ. ವರ್ನಿಯರ್ ಇತ್ತು!

ಅವರಿಗೆ ಒಬ್ಬಳೇ ಮಗಳು, ನನಗೆ ತಂಗಿ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಒಂದು ದಿನ ಕಾಲೇಜಿನಿಂದ ಸ್ಕೂಟರಿನಲ್ಲಿ ಬರುವಾಗ ತುಮಕೂರು ರಸ್ತೆಯಲ್ಲಿ ಲಾರಿಯೊಂದು ಅವಳನ್ನು ಸವರಿಕೊಂಡು ಹೋಯಿತು. ಕಾಲಿನ ಮೂಳೆ ಮುರಿಯಿತು. ಮೂರು ತಿಂಗಳಲ್ಲಿ ಕೂಡಿಕೊಂಡಿತು. ಪ್ಲಾಸ್ಟರ್ ಬಿಚ್ಚಿದರು. ನಡಿಗೆ ಸರಿಹೋಯಿತು. ಆದರೆ ಹುಡುಗಿ ಗೇಟು ದಾಟಲಿಲ್ಲ. ಕೆಳಗೆ ಟೆಂಪೋ ಹಾರ್ನ್ ಹೊಡೆದರೆ ಅವಳ ಕೈಯ ಲೋಟ ಜಾರಿ ಬೀಳುತ್ತಿತ್ತು. ಎರಡು ಸಲ ಚಿಕ್ಕಮ್ಮ ಕೈಹಿಡಿದು ಗೇಟಿನವರೆಗೆ ಕರೆತಂದರು. ಎರಡು ಸಲವೂ ಅವಳು ಅಲ್ಲೇ ಕುಸಿದು ಕೂತು, ಉಸಿರಿಗಾಗಿ ಒದ್ದಾಡಿದಳು. ವಾರಕ್ಕೊಮ್ಮೆ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಡಾಕ್ಟರು, "ಎಳ್ಕೊಂಡು ಹೋಗ್ಬೇಡಿ. ಹೊರಗೆ ಹೋಗ್ಬೇಕು ಅಂತ ಅವಳಿಗೇ ಅನ್ನಿಸ್ಲಿ" ಎಂದಿದ್ದರು. ಅನ್ನಿಸುವುದು ಯಾವಾಗ? ಏಳು ತಿಂಗಳಾಯಿತು. ಮಾತೂ ಕಡಿಮೆಯಾಯಿತು. ಭಾನುವಾರ ಭಾನುವಾರ ನಾನು ಹೋದರೆ, "ಬಂದ್ಯಾ ಅಕ್ಕ" ಎನ್ನುವುದೊಂದೇ ಅವಳ ಅಂದಿನ ಭಾಷಣ.

ಇಂಥದ್ದೊಂದು ಭಾನುವಾರ ಊಟದ ನಡುವೆ ಅವಳು ತಲೆಯೆತ್ತಿ, "ಅಪ್ಪಾ, ನಾನೊಂದು ಟಾರಂಟುಲಾ ಸಾಕ್ಲಾ?" ಎಂದಳು.

"ಹಾಗಂದ್ರೆ?"

"ದೊಡ್ಡ ಜೇಡ. ಮೈತುಂಬಾ ಕೂದ್ಲಿರತ್ತೆ."

"ಎಷ್ಟು ದೊಡ್ಡದು?"

ಅವಳು ಅಂಗೈ ಬಿಡಿಸಿ ತೋರಿಸಿದಳು. ಚಿಕ್ಕಪ್ಪನ ಗಂಟಲಿನಲ್ಲಿ ಮುದ್ದೆ ನಿಂತಿತು. ಚಿಕ್ಕಮ್ಮ ಸಾರಿನ ಸೌಟನ್ನು ಹಿಡಿದಲ್ಲೇ ಹಿಡಿದು ನನ್ನ ಮುಖ ನೋಡಿದರು. ಕಾಲೇಜಿನ ಸೀನಿಯರ್ ಹುಡುಗಿಯೊಬ್ಬಳು ಕಾಗದಪತ್ರವೆಲ್ಲ ಸರಿಯಾಗಿ ಮಾಡಿಸಿ ಇವನ್ನು ಸಾಕುತ್ತಾಳಂತೆ. ಒಂದನ್ನು ಕೊಡಲು ಒಪ್ಪಿದ್ದಾಳಂತೆ. ಆದರೆ ಮೊದಲು ಮನೆ ಸಿದ್ಧವಾಗಬೇಕು. ಅದು ಅವಳಿಗೆ ಒಪ್ಪಿಗೆಯಾದರೆ ಮಾತ್ರ ಜೇಡ.

ಚಿಕ್ಕಪ್ಪ ಒಂದು ಚೊಂಬು ನೀರು ಕುಡಿದರು. ಬೇಡ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಕೈ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ಮನೆ ಅಳತೆ ಎಷ್ಟು?"

ತಂಗಿ ಅರ್ಧ ಗಂಟೆ ಮಾತಾಡಿದಳು. ಏಳು ತಿಂಗಳಲ್ಲಿ ಅಷ್ಟು ಮಾತನ್ನು ನಾವು ಕೇಳಿರಲಿಲ್ಲ. ಚಿಕ್ಕಮ್ಮ ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಮೊದಲ ಮನೆ ಎರಡಡಿ ಎತ್ತರದ್ದು. ಹತ್ತಿ ಇಳಿಯಲು ಮೂರು ಅಂತಸ್ತು, ಪ್ರತಿ ಅಂತಸ್ತಿಗೂ ಕಟಕಟೆ! ಸೀನಿಯರ್ ಹುಡುಗಿ ವಿಡಿಯೋ ಕರೆಯಲ್ಲಿ ನೋಡಿ, "ಅಂಕಲ್, ಇದು ನೆಲದಲ್ಲಿ ಬಿಲ ತೋಡೋ ಜೇಡ. ಇಷ್ಟು ಎತ್ತರದಿಂದ ಬಿದ್ರೆ ಹೊಟ್ಟೆ ಒಡೆದು ಸತ್ತೇಹೋಗತ್ತೆ" ಎಂದಳು.

ಚಿಕ್ಕಪ್ಪ ಮೇಲಿನ ಅಂತಸ್ತಿನಿಂದ ನೆಲದವರೆಗೆ ಬೆರಳಲ್ಲೇ ಅಳೆದು ನೋಡಿದರು. ಆಮೇಲೆ, "ಅಷ್ಟು ಮೆತ್ತಗಾ ಅದು?" ಎಂದರು. ಜೇಡದ ಬಗ್ಗೆ ಅವರ ಬಾಯಿಂದ ಬಂದ ಮೊದಲ ಮೃದುವಾದ ಮಾತು ಅದು.

ಎರಡನೆಯ ಮನೆಯ ಅಕ್ರಿಲಿಕ್ ಹಲಗೆಗಳನ್ನು ಪೀಣ್ಯದ ಗೆಳೆಯರೊಬ್ಬರ ವರ್ಕ್‌ಶಾಪಿನಲ್ಲಿ ಕತ್ತರಿಸಿದರು. ಅಗಲ ಹೆಚ್ಚು, ಎತ್ತರ ಕಡಿಮೆ. ಗಾಳಿಗೆ ಸಾಲಾಗಿ ತೂತುಗಳು, ಒಂದೂ ಗೆರೆ ತಪ್ಪಿರಲಿಲ್ಲ. ಎಲ್ಲ ಸರಿ, ಮುಚ್ಚಳಕ್ಕೆ ಎಂಟು ಬೋಲ್ಟ್!

"ಅಪ್ಪಾ, ಇದು ಜೇಡ, ಬಾಯ್ಲರ್ ಅಲ್ಲ. ನೀರಿಡೋಕೆ ದಿನಾ ಎಂಟು ಬೋಲ್ಟ್ ಬಿಚ್ಲಾ?"

"ಕಾಲಿಗೊಂದು ಅಂತ ಇಟ್ಟೆ."

ಚೌಕಾಸಿ ನಡೆದು ಎರಡಕ್ಕೆ ನಿಂತಿತು. ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ನನ್ನ ಸಾಂಬಾರ್ ಪುಡಿ ಡಬ್ಬದ ಮುಚ್ಚಳ ಎರಡು ವರ್ಷದಿಂದ ಲೂಸು. ನನಗೂ ಎಂಟು ಕಾಲಿದ್ದಿದ್ರೆ ರಿಪೇರಿ ಆಗ್ತಿತ್ತೋ ಏನೋ!" ಎಂದರು.

ಇನ್ನು ಉಳಿದದ್ದು ನೆಲ. ಜೇಡ ಬಿಲ ತೋಡಲು ಒಂದು ಗೇಣು ಆಳಕ್ಕೆ ತೆಂಗಿನ ನಾರಿನ ಪುಡಿ ತುಂಬಬೇಕು. ಗೊಬ್ಬರ, ಔಷಧಿ ಏನೂ ಸೇರಿರಬಾರದು. ಎರಡು ಕ್ರಾಸ್ ಆಚೆ, ರಸ್ತೆ ದಾಟಿದರೆ ಒಂದು ನರ್ಸರಿ. ಚಿಕ್ಕಪ್ಪ ಹೋಗಿ ಒಂದು ಚೀಲ ತಂದರು. ತಂಗಿ ಬಿಚ್ಚಿದಳು. ಕೆಮ್ಮಣ್ಣು, ಸಗಣಿ ಗೊಬ್ಬರ. "ಅಪ್ಪಾ, ನಾನು ಚೀಟಿ ಬರೆದುಕೊಟ್ಟಿದ್ನಲ್ಲ?" ಮಾರನೆಯ ದಿನ ತಂದದ್ದು ನಾರಿನ ಪುಡಿಯೇ, ಆದರೆ ಅರ್ಧಕ್ಕರ್ಧ ಎರೆಗೊಬ್ಬರ. "ವಯಸ್ಸಾಯ್ತು ಕಣೇ ನಿಮ್ಮಪ್ಪಂಗೆ" ಎಂದು ಚಿಕ್ಕಮ್ಮ ನಿಟ್ಟುಸಿರಿಟ್ಟರು.

ಮೂರನೆಯ ದಿನ ಭಾನುವಾರ, ನಾನೂ ಇದ್ದೆ. ಚಿಕ್ಕಪ್ಪ ಬೆವರುತ್ತ ಬಂದು ಚೀಲ ಇಳಿಸಿದರು. ತಂಗಿ ಕೈಹಾಕಿ ತೆಗೆದರೆ ಹೆಬ್ಬೆರಳು ಗಾತ್ರದ ಚೂರುಗಳು, ತೆಂಗಿನ ಸಿಪ್ಪೆಯನ್ನು ಹಾಗೇ ಕೊಚ್ಚಿದಂತಿತ್ತು. ಅವಳು ಅದನ್ನು ನೋಡಿದಳು. ಅಪ್ಪನ ಮುಖ ನೋಡಿದಳು. ಎದ್ದು ಒಳಗೆ ಹೋದಳು. ಬಂದಾಗ ಕಾಲಲ್ಲಿ ಚಪ್ಪಲಿ ಇತ್ತು.

"ಇದೂ ತಪ್ಪೇ ಅಪ್ಪಾ. ನಡೀರಿ, ನಾನೇ ಬರ್ತೀನಿ."

ಚಿಕ್ಕಪ್ಪ ಮುಂದೆ, ನಾವಿಬ್ಬರು ಹಿಂದೆ. ಗೇಟಿನ ಹತ್ತಿರ ಅವಳು ನನ್ನ ಕೈ ಹಿಡಿದಳು. ಅವಳ ಉಗುರು ನನ್ನ ಅಂಗೈಗೆ ನಾಟಿತು. ಮೊದಲನೆಯ ಕ್ರಾಸ್ ದಾಟಿದೆವು. ಎರಡನೆಯದರಲ್ಲಿ ನೀರಿನ ಟ್ಯಾಂಕರ್ ಒಂದು ಹಿಂದಿನಿಂದ ಹಾರ್ನ್ ಹೊಡೆಯಿತು. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ತುಟಿ ಬೆಳ್ಳಗಾಗಿತ್ತು. "ಅಕ್ಕ, ಮನೆಗೆ ಹೋಗೋಣ" ಎಂದಳು. ನಾನು ಚಿಕ್ಕಪ್ಪನನ್ನು ನೋಡಿದೆ. ನಾಲ್ಕು ಹೆಜ್ಜೆ ಮುಂದೆ ಅವರೂ ನಿಂತಿದ್ದರು. ತಿರುಗಲಿಲ್ಲ. ನಮ್ಮ ಕಡೆಗೆ ಬೆನ್ನು ಮಾಡಿಕೊಂಡೇ, "ಆತುರ ಇಲ್ಲ. ನರ್ಸರಿ ಸಂಜೆವರೆಗೂ ತೆಗೆದಿರತ್ತೆ" ಎಂದರು.

ಎಷ್ಟು ಹೊತ್ತು ನಿಂತಿದ್ದೆವೋ. ಟ್ಯಾಂಕರ್ ಹೋಯಿತು. ಎರಡು ಆಟೋ ಹೋದವು. ಅವಳು ಕಣ್ಣು ಬಿಟ್ಟು, ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಒಂದು ಹೆಜ್ಜೆ ಇಟ್ಟಳು.

ನರ್ಸರಿಯಾಕೆ ಇಲ್ಲೇ ಹುಟ್ಟಿ ಬೆಳೆದವರು. ಅವರ ಹಿರಿಯರ ಹೊಲದಲ್ಲಿ ಉಳಿದ ತುಂಡು ಜಾಗವೇ ಆ ನರ್ಸರಿ. ತಂಗಿ ಒಳಗೆ ಕುಂಡಗಳ ನಡುವೆ ಹೋಗುತ್ತಲೇ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

"ಇವ್ಳೇನಾ ಆ ಮಗ? ನಿಮ್ ಚಿಕ್ಕಪ್ಪಾರು ಮೊದಲ್ನೇ ದಿನಾನೇ ಸರಿಯಾದ್ದು ಯಾವ್ದು ಅಂತ ಕೇಳಿ ತಿಳ್ಕಂಡ್ರು ಕಣವ್ವ. ಆಮೇಲೆ, ಇದನ್ನ ಎತ್ತಿಡಿ, ಬ್ಯಾರೇದು ಯಾವ್ದಾದ್ರೂ ಕೊಡಿ ಅಂದ್ರು. ಯಾಕಣ್ಣ ಅಂಗೆ ಅಂದೆ. ಸರಿಯಾದ್ದು ತಗಂಡೋದ್ರೆ ನನ್ ಮಗಳು ಬರಾಕಿಲ್ಲ ಅಂದ್ರು."

ಮೇಜಿನ ಕೆಳಗಿನಿಂದ ಇಟ್ಟಿಗೆಯಂಥ ನಾರಿನ ಬ್ಲಾಕ್ ಒಂದನ್ನು ತೆಗೆದರು. ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದರು. ಚಿಕ್ಕಪ್ಪ ಆ ಹೊತ್ತಿನಲ್ಲಿ ದಾಸವಾಳದ ಗಿಡವೊಂದನ್ನು ಬಹಳ ಗಂಭೀರವಾಗಿ ಪರೀಕ್ಷಿಸುತ್ತಿದ್ದರು.

ಆ ಸಂಜೆ ಬ್ಲಾಕನ್ನು ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ತುಂಬಿದೆವು. ಬಿಲದ ಬಾಯಿಗೆ ಅರ್ಧ ಮಡಕೆ, ಮೂಲೆಯಲ್ಲಿ ನೀರಿನ ಪುಟ್ಟ ತಟ್ಟೆ. ಮುಂದಿನ ಭಾನುವಾರ ಸೀನಿಯರ್ ಹುಡುಗಿ ಡಬ್ಬಿ ಹಿಡಿದು ಬಂದಳು. ಜೇಡ ಒಂದೊಂದೇ ಕಾಲಿಟ್ಟು, ನೆಲ ಮುಟ್ಟಿ ನೋಡಿಕೊಂಡು ಹೊಸ ಮನೆಗೆ ಇಳಿಯಿತು. ಚಿಕ್ಕಪ್ಪ ಗೃಹಪ್ರವೇಶವನ್ನು ಪಕ್ಕದ ಕೋಣೆಯ ಕುರ್ಚಿಯ ಮೇಲೆ ನಿಂತು ವೀಕ್ಷಿಸಿದರು!

ಆಮೇಲೆ ಅವರು ಮೆಟ್ರೋ ಹಳಿ ಕಾಣುವ ತಾರಸಿಗೆ ಹೋದರು. ನಾನೂ ಕಾಫಿ ಹಿಡಿದು ಹೋದೆ.

"ಚಿಕ್ಕಪ್ಪ, ನರ್ಸರಿಯವ್ರು ಎಲ್ಲಾ ಹೇಳಿದ್ರು."

ಅವರು ಕಾಫಿ ಊದಿ ಒಂದು ಗುಟುಕು ಕುಡಿದರು.

"ಅವಳಿಗೆ ಗೊತ್ತಾದ್ರೆ ಬೇಜಾರು ಮಾಡ್ಕೊಳ್ಳಲ್ವಾ?"

"ಗೊತ್ತಾಗೋದೇನು ಬಂತು, ಗೊತ್ತು ಕಣಮ್ಮ ಅವಳಿಗೆ" ಎಂದರು. "ಮೂರನೇ ಚೀಲ ಬಿಚ್ಚಿದಾಗ ನನ್ನ ಮುಖ ನೋಡಿದ್ಲಲ್ಲ, ಆಗ್ಲೇ ತಿಳೀತು. ಆದ್ರೂ ಚಪ್ಪಲಿ ಮೆಟ್ಕೊಂಡು ಬಂದ್ಲು. ನನಗೋಸ್ಕರ ಬಂದ್ಲು ಕಣಮ್ಮ, ಅಷ್ಟು ಹೆದರಿಕೆ ಇಟ್ಕೊಂಡು..."

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಮುಖ ಆಚೆ ತಿರುಗಿಸಿ ಕೈ ಎತ್ತಿದರು.

"ತಾಳು, ಮೆಟ್ರೋ ಹೋಗ್ಲಿ. ಏನೂ ಕೇಳಿಸ್ತಿಲ್ಲ."

ಹಳಿಯ ಮೇಲೆ ಆಗ ಯಾವ ರೈಲೂ ಇರಲಿಲ್ಲ. ನಾನೂ ಅವರ ಪಕ್ಕದಲ್ಲಿ ನಿಂತು, ಅದು ಹೋಗುವವರೆಗೆ ಕಾದೆ.