ಕುರ್ಚಿ ತೆಗೆಸಿದ ಸಲಹೆಗಾರ

ಕೇಳದಿದ್ದರೂ ಸಲಹೆ ಕೊಡುವುದು ನನ್ನ ರಕ್ತದಲ್ಲೇ ಇದೆ. ಸ್ಮಾರ್ಟ್‌ಫೋನ್ ಇನ್ನೂ ಬಾರದ ಆ ದಿನಗಳಲ್ಲಿ, ಗೋಥೆನ್‌ಬರ್ಗ್ ಹತ್ತಿರದ ಕಡಲತೀರದಲ್ಲಿ ಕ್ಯಾಸಿನೊ ಇದ್ದ ಒಂದು ಹೋಟೆಲಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಿದ್ದೆ. ಕಾಂಟ್ರಾಕ್ಟ್ ಮುಗಿಯುವುದರಲ್ಲಿತ್ತು. ಮುಂದುವರಿದರೆ ಸ್ವೀಡನ್, ಇಲ್ಲವಾದರೆ ಗಂಟುಮೂಟೆ ಸಮೇತ ಬೆಂಗಳೂರು!

ಮ್ಯಾನೇಜರ್ ಲಾರ್ಸ್ ಒಂದು ದಿನ ಕಾಫಿ ಕುಡಿಯುತ್ತಾ ಗೋಳು ತೋಡಿಕೊಂಡ. "ಶನಿವಾರ ಬರೀ ಅಜ್ಜಿಯರು. ಜೂಜಿನ ಮಷೀನಿಗೆ ಚಿಲ್ಲರೆ ಹಾಕ್ತಾ ಸಂಜೆವರೆಗೂ ಕೂರ್ತಾರೆ. ಹುಡುಗರು ಈ ಕಡೆ ತಲೇನೇ ಹಾಕಲ್ಲ."

"ಕುರ್ಚಿ ತೆಗೆಸಿ, ಡ್ಯಾನ್ಸ್ ಫ್ಲೋರ್ ಮಾಡಿಸಿ" ಎಂದೆ. "ಅಜ್ಜಿಯರು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ತಾರೆ."

ಲಾರ್ಸ್ ನನ್ನ ಬೆನ್ನು ತಟ್ಟಿದ. "ಇದು ಗೆದ್ದರೆ ನಿನ್ನ ಕಾಂಟ್ರಾಕ್ಟ್ ನನ್ನ ಜವಾಬ್ದಾರಿ."

ಮನೆಗೆ ಬಂದು ಕೊಚ್ಚಿಕೊಂಡೆ. ಹೆಂಡತಿ ವಾಣಿಯ ಹುಬ್ಬು ಮೇಲೇರಿತು. "ರೀ, ಮೇಲಿನ ಮನೆ ಇಂಗ್ರಿಡ್ ಪ್ರತಿ ಶನಿವಾರ ಗೆಳತಿಯರ ಜೊತೆ ಅಲ್ಲಿಗೇ ಹೋಗೋದು. ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಗೆ ಬರೋಕೆ ಅವರಿಗೆ ಅದೊಂದೇ ನೆವ. ಅವರನ್ನ ಒಂದ್ಮಾತು ಕೇಳಿದ್ರಾ?"

ಮೆಟ್ಟಿಲಲ್ಲಿ ಇಂಗ್ರಿಡ್ ಸಿಕ್ಕಾಗ ವಿಷಯವನ್ನು ಸವಿನಯವಾಗಿ ನಿವೇದಿಸಿಕೊಂಡೆ. "ಓಹೋ, ಹಾಗೋ" ಎಂದು ಮುಗುಳ್ನಕ್ಕರು. ನಮ್ಮೂರಲ್ಲಿ ಕೂತವರ ಕುರ್ಚಿ ಎಳೆದರೆ ನಮ್ಮ ಮೂರು ತಲೆಮಾರಿಗೂ ಬೈಗುಳ ಗ್ಯಾರಂಟಿ. ಇಲ್ಲಿ ಮುಗುಳ್ನಗೆ! ಒಪ್ಪಿದರು ಎಂದುಕೊಂಡೆ. ಈ ಜನ ಸಿಟ್ಟು ಬಂದರೆ ಕೂಗುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ ಎಂಬುದು ನನಗೇನು ಗೊತ್ತು?

ಶನಿವಾರ ಹುಡುಗರು ಹಿಂಡುಹಿಂಡಾಗಿ ಬಂದರು. ನಾನು ಹಿಗ್ಗಿ ಹೀರೇಕಾಯಿಯಾದೆ! ಆದರೆ ಹೋಟೆಲಿನಲ್ಲಿ ಕುಡಿಯುವುದು ದುಬಾರಿ ಎಂದು ಎಲ್ಲರೂ ಮನೆಯಲ್ಲೇ ಕುಡಿದು ಮುಗಿಸಿದ್ದರು. ಇಲ್ಲಿ ಕುಡಿದದ್ದು ನಲ್ಲಿ ನೀರು. ಜೂಜಿನ ಮಷೀನುಗಳ ಮೇಲೆ ಜಾಕೆಟ್ ಹರವಿ ಕುಣಿದೇ ಕುಣಿದರು. ಒಬ್ಬ ಹೂಕುಂಡದಲ್ಲಿ ವಾಂತಿ ಮಾಡಿದ. ಅಜ್ಜಿಯರ ಸುಳಿವೇ ಇಲ್ಲ. ಮುಂದಿನ ವಾರವೂ ಇಲ್ಲ.

"ರಘು, ಹುಡುಗರು ಗದ್ದಲ ತಂದರು, ಅಷ್ಟೇ. ಹೋಟೆಲ್ ನಡೆಸ್ತಾ ಇದ್ದದ್ದು ಆ ಚಿಲ್ಲರೆ" ಎಂದ ಲಾರ್ಸ್. "ಅಜ್ಜಿಯರನ್ನ ವಾಪಸ್ ಕರ್ಕೊಂಡು ಬಾ. ಆಗಲ್ಲ ಅಂದ್ರೆ ನೀನೂ ಬರಬೇಡ."

ಬಸ್ಸಿನಲ್ಲಿ ಕೂತು ಯೋಚಿಸಿದೆ. ಇಂಗ್ರಿಡ್ ಅಲ್ಲಿಗೆ ಗೆಲ್ಲೋಕೆ ಹೋಗುತ್ತಿರಲಿಲ್ಲ. ಪಕ್ಕದ ಕುರ್ಚಿಯವಳು "ಮಂಡಿ ನೋವು ಹೇಗಿದೆ?" ಎಂದು ಕೇಳಲಿ ಅಂತ ಹೋಗುತ್ತಿದ್ದರು. ನಾನು ಆ ಕುರ್ಚಿಯನ್ನೇ ತೆಗೆಸಿದ್ದೆ.

ಮನೆ ಬಾಗಿಲು ತೆಗೆದರೆ ಅಡುಗೆಮನೆಯಲ್ಲಿ ನಗುವೋ ನಗು. ಇಂಗ್ರಿಡ್ ಮತ್ತು ಇಬ್ಬರು ಗೆಳತಿಯರು ವಾಣಿಯ ಜೊತೆ ಚೌಕಾಬಾರ ಆಡುತ್ತಿದ್ದರು! ಮೇಜಿನ ಮೇಲೆ ಉಪ್ಪಿಟ್ಟು, ಕಾಫಿ.

ಕೈ ಮುಗಿದೆ. "ತಪ್ಪಾಯ್ತು. ಕುರ್ಚಿಗಳನ್ನೆಲ್ಲ ವಾಪಸ್ ಹಾಕಿಸ್ತೀನಿ. ದಯವಿಟ್ಟು ಬನ್ನಿ, ನನ್ನ ಕೆಲಸ ಹೋಗುತ್ತೆ."

ಇಂಗ್ರಿಡ್ ಕವಡೆ ಕುಲುಕುತ್ತಲೇ ಮುಗುಳ್ನಕ್ಕರು.

"ಓಹೋ, ಹಾಗೋ."

ಈ ಸಲ ಆ ಮುಗುಳ್ನಗೆಯ ಅರ್ಥ ನನಗೆ ಗೊತ್ತಿತ್ತು. ಕೂರೋಣವೆಂದರೆ ನಾಲ್ಕು ಕುರ್ಚಿಯೂ ಭರ್ತಿ. ವಾಣಿ ತಟ್ಟೆ ಕೈಗಿತ್ತಳು. "ನಿಂತೇ ತಿನ್ರೀ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಮಾಡಿಕೊಂಡೆ.