ಎರಡೇ ಸೆಕೆಂಡಿನಲ್ಲಿ ಗೆಲ್ಲುವ ಸುಮೊ ಮಲ್ಲರಿಗೆ

ಮಾನ್ಯ ಸುಮೊ ಮಲ್ಲ ಮಹಾಶಯರೇ,

ಕಳೆದ ಶನಿವಾರ ಸಿಡ್ನಿಯ ಅಂಗಣದ ಹದಿನಾಲ್ಕನೇ ಸಾಲಿನಲ್ಲಿ ಕೂತು ತಮ್ಮೆಲ್ಲರ ದರ್ಶನಕ್ಕೆ ಕಾದಿದ್ದ ಹುಬ್ಬಳ್ಳಿಯ ನಿವೃತ್ತ ಶಿಕ್ಷಕಿ ಗೌರಕ್ಕನ ಸಾವಿರ ನಮಸ್ಕಾರಗಳು. ತಮ್ಮ ದೇಹಕ್ಕೂ, ಅದಕ್ಕೆ ಉಣಿಸಿ ಬೆಳೆಸಿದ ತಾಯಂದಿರ ಕೈಗಳಿಗೂ ದೃಷ್ಟಿ ತಾಗದಿರಲಿ.

ನನ್ನ ಯಜಮಾನರಾದ ಮಡಿವಾಳಪ್ಪನವರು ಒಂದು ಕಾಲದ ಪೈಲ್ವಾನರು. ಅವರಿಗಾಗಿ ಬಾದಾಮಿ ಅರೆದವಳು, ಮೈಕೈ ನೋವಿಗೆ ಎಣ್ಣೆ ಕಾಸಿದವಳು ನಾನು. ಆದರೆ ಕುಸ್ತಿ ಕಣದ ಹತ್ತಿರ ಹೆಂಗಸರು ಸುಳಿಯಬಾರದೆಂಬ ಕಟ್ಟಳೆಯಿಂದಾಗಿ ನಲವತ್ತು ವರ್ಷಗಳಲ್ಲಿ ಒಂದೇ ಒಂದು ಪಂದ್ಯವನ್ನೂ ಕಣ್ಣಾರೆ ಕಂಡವಳಲ್ಲ, ಎಲ್ಲವನ್ನೂ ಅವರ ಬಾಯಿಂದಲೇ ಕೇಳಿದ್ದು. ಹೀಗಾಗಿ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿರುವ ಮಗಳು ಪಲ್ಲವಿ ಟಿಕೆಟ್ ಬುಕ್ ಮಾಡಿದಾಗ, ಸಾಯುವುದರೊಳಗೆ ಒಂದಾದರೂ ಕುಸ್ತಿ ನೋಡಿಯೇ ಬಿಡುತ್ತೇನೆಂದು ಇಳಕಲ್ ಸೀರೆ ಉಟ್ಟು ಬಂದೆ.

ತಾವೋ, ಉಪ್ಪು ಎರಚಿದಿರಿ, ಕಾಲೆತ್ತಿ ನೆಲ ನಡುಗಿಸಿದಿರಿ, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿ ಎದ್ದು ಹೋಗಿ ಮತ್ತೆ ಉಪ್ಪು ಎರಚಿದಿರಿ. ಅಷ್ಟು ಉಪ್ಪಿನಲ್ಲಿ ನಮ್ಮ ಮನೆಯ ಮೂರು ವರ್ಷದ ಉಪ್ಪಿನಕಾಯಿ ಆಗುತ್ತಿತ್ತು. ನಾನು ಉಸಿರು ಬಿಗಿಹಿಡಿದ ಹೊತ್ತಿಗೆ ಯಜಮಾನರು ಎದ್ದು ನನ್ನೆದುರು ನಿಂತು, “ನಿನಗ ತಿಳಿಯೂದಿಲ್ಲ, ತಡಿ, ನಾ ಹೇಳತೇನಿ” ಎಂದರು. ಅವರು ಸರಿಯುವಷ್ಟರಲ್ಲಿ ಸೋತವರು ಬಾಗಿ ನಮಸ್ಕರಿಸುತ್ತಿದ್ದರು. ಹನ್ನೊಂದು ಪಂದ್ಯಗಳು ಹೀಗೇ ಹೋದವು, ನಾನು ಕಂಡದ್ದು ಅವರ ಸ್ವೆಟರಿನ ಗುಂಡಿಗಳನ್ನು. ಹೇಳಲು ನಾಚಿಕೆಯೇನು, ಕಣ್ಣಲ್ಲಿ ನೀರೇ ಬಂತು.

ಆದಕಾರಣ ಮುಂದಿನ ಬಾರಿ ಗೆಲ್ಲುವ ಮೊದಲು ದಯವಿಟ್ಟು ಹದಿನಾಲ್ಕನೇ ಸಾಲಿಗೊಂದು ಕೈಸನ್ನೆ ಮಾಡಬೇಕು. ಅದು ಆಗದಿದ್ದರೆ ಗೆದ್ದದ್ದನ್ನೇ ನಿಧಾನವಾಗಿ ಇನ್ನೊಮ್ಮೆ ಗೆಲ್ಲಬೇಕು. ಅದೂ ಆಗದಿದ್ದರೆ ತಮ್ಮಲ್ಲೊಬ್ಬರು ಬಂದು ಯಜಮಾನರನ್ನು ಎತ್ತಿ ಹದಿನೈದನೇ ಸಾಲಿನಲ್ಲಿ ಇಟ್ಟು ಹೋಗಬೇಕು.

ಆದರೂ ಒಂದು ಉಪಕಾರ ಮರೆಯಲಾರೆ. ಗೆದ್ದ ಪೈಲ್ವಾನನ ತಲೆಗೆ ರುಮಾಲು ಸುತ್ತುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆಂದೇ ಊರಿನಿಂದ ತಂದಿದ್ದ ಗುಲಾಬಿ ರುಮಾಲು ಹಿಡಿದು ಯಜಮಾನರು, ಸೆಮಿಫೈನಲ್ ಗೆದ್ದ ತಮ್ಮಲ್ಲೊಬ್ಬರ ಜುಟ್ಟಿನತ್ತ ಓಡಿದರು. ಸೆಕ್ಯೂರಿಟಿಯವರು ಅತ್ಯಂತ ಗೌರವದಿಂದ ಅವರನ್ನು ಹೊರಗೆ ಕರೆದೊಯ್ದು ನಿಯಮಗಳನ್ನು ವಿವರಿಸಿ ಮುಗಿಸುವಷ್ಟರಲ್ಲಿ ಫೈನಲ್ ಆಗಿಹೋಗಿತ್ತು. ಅದನ್ನು ನಾನು ಮೊದಲ ಹಿಡಿ ಉಪ್ಪಿನಿಂದ ಕೊನೆಯ ದಬ್ಬಾಟದವರೆಗೆ ಪೂರ್ತಿ ನೋಡಿದೆ, ಎದ್ದು ನಿಂತು ಶಿಳ್ಳೆಯನ್ನೂ ಹೊಡೆದೆ.

ತಮ್ಮ ವಿಶ್ವಾಸಿ, ಒಂದೇ ಆದರೂ ಇಡೀ ಕುಸ್ತಿ ಕಂಡ,
ಗೌರಕ್ಕ

ತಾ.ಕ.: ಮರುದಿನ ಪಕ್ಕದ ಬಡಾವಣೆ ರೌಸ್ ಹಿಲ್‌ನ ಬೀಗರ ಮನೆಯಲ್ಲಿ ಯಜಮಾನರು ಆ ಫೈನಲ್ಲನ್ನು ಒಂದೊಂದು ಪಟ್ಟನ್ನೂ ಬಿಡದೆ ಮುಕ್ಕಾಲು ತಾಸು ವರ್ಣಿಸಿದರು. ಅವರ ಹಳೆಯ ಕುಸ್ತಿಗಳ ಬಗ್ಗೆ ನನಗೀಗ ಕೆಲವು ಪ್ರಶ್ನೆಗಳಿವೆ. ಊರಿಗೆ ಮರಳುವ ವಿಮಾನ ಹದಿಮೂರು ತಾಸಿನದು, ನನ್ನ ಸೀಟು ಅವರ ಪಕ್ಕದಲ್ಲೇ ಇದೆ.